ಹದಿನೇಳನೇ ಮನೆಯ ಗಳಿಕೆ

ಪರಾಣ ಗಾಯೆನ್‌ನ ಗ್ರಹಚಾರ ಕೆಟ್ಟಿದ್ದು ಪಕ್ಕದ ಮನೆಯ ಆಡಿನ ಕೊಟ್ಟಿಗೆಯಿಂದ.

ಮೂರು ವರ್ಷದ ಹಿಂದೆ ಚಂಡಮಾರುತ ಬಂದು ಹೋದ ಮೇಲೆ, ನಷ್ಟ ಬರೆದುಕೊಳ್ಳಲು ಬಂದವರು ಗರಾನ್‌ತಲಾ ಊರಿನ ಮನೆಗಳಿಗೆಲ್ಲ ಸುಣ್ಣದಲ್ಲಿ ನಂಬರು ಹಾಕುತ್ತ ಹೋಗಿ, ಮಂಜು ಮುಸುಕಿದ್ದಕ್ಕೋ ಏನೋ, ಆ ಕೊಟ್ಟಿಗೆಗೂ ಒಂದು ನಂಬರು ಬರೆದುಬಿಟ್ಟಿದ್ದರು. ಆಡುಗಳು ಹದಿನಾರನೇ ಮನೆಯವರಾದವು. ಹದಿನಾರನೆಯವನಾಗಬೇಕಿದ್ದ ಪರಾಣ ಹದಿನೇಳನೆಯವನಾದ. ಇದರಿಂದ ಇಷ್ಟು ದಿನ ಯಾರಿಗೂ ಏನೂ ತೊಂದರೆಯಾಗಿರಲಿಲ್ಲ. ಆದರೆ ಫಾಲ್ಗುಣದ ಒಂದು ಮಂಗಳವಾರ ಸಂಜೆ ಕಲ್ಕತ್ತೆಯಿಂದ ಸರ್ಖೇಲ್ ಬಾಬು ಎಂಬ ಸರ್ಕಾರಿ ಮನುಷ್ಯರು ಬಂದು ಶಾಲೆಯಲ್ಲಿ ಹಾಸಿಗೆ ಬಿಚ್ಚಿದರು. ಕಾಡಿನಿಂದ, ಹೊಳೆಯಿಂದ ಈ ಸೀಮೆಯ ಜನ ಎಷ್ಟು ಗಳಿಸುತ್ತಾರೆ ಎಂದು ತಿಳಿಯುವುದು ಅವರ ಕೆಲಸ. ಪ್ರತಿ ಊರಲ್ಲೂ ಹದಿನೇಳನೇ ಮನೆಯವನ ಜೊತೆ ಒಂದು ದಿನ ಪೂರ್ತಿ ದೋಣಿಯಲ್ಲಿ ಕೂತು, ಅವನ ಕೈಗೆ ಸಿಕ್ಕಿದ್ದನ್ನೆಲ್ಲ ತೂಗಿ ಬರೆದುಕೊಳ್ಳಬೇಕು. ಅವನ ಗಳಿಕೆಯೇ ಊರಿನ ಗಳಿಕೆ.

ಬುಧವಾರ ಬೆಳಕು ಹರಿಯುವ ಮುಂಚೆಯೇ ಪಂಚಾಯ್ತಿ ಮೆಂಬರು ಗುಣಧರ ಮೃಧಾ ಹತ್ತು ಜನರನ್ನು ಹಿಂದೆ ಕಟ್ಟಿಕೊಂಡು ಪರಾಣನ ಅಂಗಳಕ್ಕೆ ಬಂದ.

"ಪರಾಣ, ಏಳೋ! ಊರಿನ ಜುಟ್ಟು ಇವತ್ತು ನಿನ್ನ ಕೈಲಿದೆ."

ಪರಾಣ ನೀರಿನಲ್ಲಿ ನೆನೆಸಿಟ್ಟ ಅನ್ನಕ್ಕೆ ಈರುಳ್ಳಿ ಕಚ್ಚಿಕೊಳ್ಳುತ್ತ ಕೂತಿದ್ದವನು ತಟ್ಟೆ ಹಿಡಿದುಕೊಂಡೇ ಎದ್ದ. "ಏನಾಯ್ತು ಗುಣಧರ ದಾದಾ?"

"ಬ್ಲಾಕ್ ಆಫೀಸಲ್ಲಿ ನನ್ನ ಕಿವಿಯಾರೆ ಕೇಳಿದೀನಿ. ಯಾವ ಊರಿನ ಗಳಿಕೆ ಎಲ್ಲಕ್ಕಿಂತ ಕಮ್ಮಿ ಬರತ್ತೋ, ಹೊಸ ಯೋಜನೆ ಮೊದಲು ಆ ಊರಿಗೆ!"

"ಏನ್ ಯೋಜನೆ?"

"ದೋಣಿ ದೋಣಿ ಅಂತಿದ್ರು. ಅಷ್ಟರಲ್ಲಿ ಜವಾನ ಬಾಗಿಲು ಹಾಕಿದ. ದೋಣಿ ಅಂದ್ಮೇಲೆ ಇನ್ನೇನಿರತ್ತೆ? ಎಂಜಿನ್ ದೋಣಿ! ಮನೆಗೊಂದು!"

ಗುಣಧರನ ಬಾಯಿಂದ ಹೊರಟ ದೋಣಿಗೆ ಹಿಂದೆ ನಿಂತವರು ಒಬ್ಬೊಬ್ಬರಾಗಿ ನೈಲಾನ್ ಬಲೆ, ಐಸ್ ಪೆಟ್ಟಿಗೆ, ಬ್ಯಾಟರಿ ದೀಪ ಎಲ್ಲ ತುಂಬಿದರು. ಪರಾಣನ ಎದೆಯೊಳಗೂ ಒಂದು ಎಂಜಿನ್ ಟುಕುಟುಕು ಎಂದಿತು. ಅವನು ಓಡಿಸುತ್ತಿದ್ದದ್ದು ಬಾಡಿಗೆ ದೋಣಿ. ಹಿಡಿದದ್ದರಲ್ಲಿ ಅರ್ಧ ದೋಣಿಯ ಒಡೆಯನಿಗೆ ಹೋಗುತ್ತಿತ್ತು. ಹದಿನೆಂಟು ವರ್ಷದಿಂದ ಅವನು ಕಂಡ ಕನಸೆಂದರೆ ಒಂದೇ, ತನ್ನದೇ ಹೆಸರು ಬರೆದ ದೋಣಿ.

"ಅದಕ್ಕೇ ಇವತ್ತು ನೀನು ಏನೂ ಹಿಡೀಬಾರ್ದು," ಎಂದ ಗುಣಧರ. "ಏನೂ ಅಂದ್ರೆ ಏನೂ. ನಿನ್ನಿಂದ ಏನಾದ್ರೂ ಎಡವಟ್ಟಾಯ್ತೋ, ಈ ಊರಲ್ಲಿ ನಿಂಗೆ ಒಲೆ ಹಚ್ಚೋಕೆ ಯಾರೂ ಕೆಂಡ ಕೊಡಲ್ಲ, ನೆನಪಿರ್ಲಿ."

"ಆರು ತಿಂಗಳಿಂದ ಹೆಂಗೂ ಏನೂ ಸಿಕ್ತಿಲ್ವಲ್ಲ ದಾದಾ. ಅದೊಂದು ಕಷ್ಟವಾ?" ಎಂದು ಪರಾಣ ನಕ್ಕ. ಆ ದಿನ ಅವನು ನಕ್ಕಿದ್ದು ಅದೊಂದೇ ಸಲ.

ಅಷ್ಟರಲ್ಲಿ ಪರೋಪಕಾರಿಗಳು ಮನೆಯೊಳಗೆ ನುಗ್ಗಿದ್ದರು. ಬಾಬು ಮನೆಯನ್ನೂ ನೋಡಿಕೊಂಡೇ ಹೋಗುತ್ತಾರಂತೆ, ಬಡತನ ಕಣ್ಣಿಗೆ ಹೊಡೆಯಬೇಕಂತೆ. ಒಬ್ಬ ಮಾಡಿನ ಮೇಲಿನ ಸೋಲಾರ್ ಹಲಗೆ ಕಿತ್ತ. ಇನ್ನೊಬ್ಬ ಪ್ಲಾಸ್ಟಿಕ್ ಕುರ್ಚಿ ತಲೆಯ ಮೇಲೆ ಹೊತ್ತ. ಮೂರನೆಯವನ ಕಂಕುಳಲ್ಲಿ ಹುಂಜ ಸಿಕ್ಕಿಕೊಂಡು ಪೊಲೀಸರು ಹಿಡಿದ ಕಳ್ಳನ ಹಾಗೆ ಕಿರುಚಿಕೊಂಡಿತು. ಪರಾಣನ ಹೆಂಡತಿ ಶೆಫಾಲಿ ಸೌಟು ಹಿಡಿದು ಬಾಗಿಲಿಗೆ ಅಡ್ಡ ನಿಂತಳು.

"ಕುರ್ಚಿ ಆಯ್ತು, ಹುಂಜ ಆಯ್ತು. ನನ್ನನ್ನೂ ಹೊತ್ಕೊಂಡ್ ಹೋಗ್ತೀರೇನು?"

"ಎಲ್ಲಾ ಭದ್ರವಾಗಿರತ್ತೆ ಅತ್ತಿಗೆ, ನಾಳೆ ತಂದ್ಕೊಡ್ತೀವಿ," ಎಂದು ಹೇಳುತ್ತ ಅವರು ಅವಳ ಕೈಯಲ್ಲಿದ್ದ ಸೌಟನ್ನೂ ತೆಗೆದುಕೊಂಡು ಹೋದರು.

ಸರ್ಖೇಲ್ ಬಾಬು ಬಂದರು. ಐವತ್ತು ದಾಟಿದ ಒಣಕಲು ಮನುಷ್ಯ. ಮೈಮೇಲೆ ಕಿತ್ತಳೆ ಬಣ್ಣದ ತೇಲುವ ಜಾಕೀಟು, ಒಂದು ಕೈಲಿ ಛತ್ರಿ, ಇನ್ನೊಂದರಲ್ಲಿ ಕೊಕ್ಕೆಯ ತಕ್ಕಡಿ, ಕಂಕುಳಲ್ಲಿ ಉದ್ದನೆಯ ಪುಸ್ತಕ. ಖಾಲಿ ಮನೆಯನ್ನು ಇಣುಕಿ ನೋಡಿ ಅವರ ಕಣ್ಣು ತೇವವಾಯಿತು. ಚಹಾ ಕೂಡ ಬೇಡ ಎಂದರು. "ನಿಮ್ಮ ಪಾಲಿನ ಸಕ್ಕರೆ ನಾನು ಕುಡಿಯೋದು ಬೇಡ."

ಪರಾಣ, ಅವನ ಭಾವಮೈದ ಕಾನಾಯಿ, ಬಾಬು, ಮೂವರೂ ದೋಣಿ ಹತ್ತಿ ಕಾಡು ಕಾಯುವ ದೇವತೆ ವನಬೀಬಿಗೆ ಕೈಮುಗಿದರು. ಅಮ್ಮಾ, ಇವತ್ತೊಂದು ದಿನ ಏನೂ ಕೊಡಬೇಡ ತಾಯೀ ಎಂದು ಪರಾಣ ಬೇಡಿಕೊಂಡ. ಇಂಥ ಬೇಡಿಕೆ ಆ ತಾಯಿ ಎಂದೂ ಕೇಳಿರಲಿಲ್ಲವೋ ಏನೋ, ತಪ್ಪಾಗಿ ಕೇಳಿಸಿಕೊಂಡಳು.

ಮೊದಲು ಏಡಿಯ ಹಗ್ಗ. ಹಿಂದಿನ ದಿನ ಹಾವುಮೀನಿನ ತುಂಡು ಕಟ್ಟಿ ಕಿರುಹೊಳೆಯಲ್ಲಿ ಇಳಿಬಿಟ್ಟಿದ್ದ ಉದ್ದನೆಯ ಹಗ್ಗವನ್ನು ಪರಾಣ ಎಳೆಯತೊಡಗಿದ. ಮೊದಲನೇ ತುಂಡಿಗೇ ಒಂದು ಏಡಿ ಕಚ್ಚಿಕೊಂಡು ಬಂತು. ಬೆನ್ನು ಊಟದ ತಟ್ಟೆಯಷ್ಟಿತ್ತು. ಪರಾಣ ಗಾಬರಿಯಾಗಿ ಹಗ್ಗ ಕೊಡವಿದ. ಏಡಿ ದೊಪ್ಪೆಂದು ನೀರಿಗೆ ಬಿತ್ತು.

"ಅಯ್ಯೋ, ಬಿತ್ತಲ್ರೀ!" ಎಂದರು ಬಾಬು.

"ಹೆಣ್ಣೇಡಿ ಬಾಬು. ಬಸುರಿ. ಹಿಡೀಬಾರ್ದು."

ಎರಡನೆಯದು ಬಂತು. "ಇದು?"

"ಇದೂ ಬಸುರಿನೇ."

ಮೂರನೆಯದು ಎರಡನೆಯದಕ್ಕಿಂತ ದೊಡ್ಡದು. "ಇದು ಮರಿ ಬಾಬು. ಪಾಪ, ಕಣ್ಣೂ ಬಿಟ್ಟಿಲ್ಲ."

ನಾಲ್ಕನೆಯದನ್ನು ಪರಾಣ ಕೊಡವಿದ ರಭಸಕ್ಕೆ ಅದು ನೀರಿಗೆ ಬೀಳದೆ ದೋಣಿಯೊಳಗೆ ಬಿದ್ದು, ಹಲಗೆಯ ಮೇಲೆ ಅಡ್ಡಡ್ಡ ಓಡಿ, ಕಾನಾಯಿಯ ಕಾಲಿನ ಹೆಬ್ಬೆರಳನ್ನು ಹಿಡಿಯಿತು. ಕಾನಾಯಿ ಪಂಚೆಯನ್ನು ಕೆಳಕ್ಕೆಳೆದು ಅದನ್ನು ಮುಚ್ಚಿಕೊಂಡ. ಅವನ ಮುಖ ಮೊದಲು ಕೆಂಪಾಯಿತು, ಆಮೇಲೆ ಬೂದಿಯ ಬಣ್ಣಕ್ಕೆ ತಿರುಗಿತು.

"ಯಾಕಪ್ಪಾ, ಅಳ್ತಾ ಇದೀಯ?" ಎಂದು ಬಾಬು ಕೇಳಿದರು.

"ನಮ್ಮ ಬಡತನ ನೆನಸ್ಕೊಂಡೆ ಬಾಬು," ಎಂದ ಕಾನಾಯಿ, ಹಲ್ಲು ಕಚ್ಚಿ.

ಬಾಬು ಪುಸ್ತಕದಲ್ಲಿ 'ಏಡಿ: ಇಲ್ಲ' ಎಂದು ಬರೆದುಕೊಂಡು ಬೇರೆ ಕಡೆ ತಿರುಗಿದರು.

ದೋಣಿ ಕಾಂಡ್ಲಾಕಾಡಿನ ಅಂಚಿಗೆ ಬಂತು. ಕೆಸರಿನ ಮೇಲೆ ಕಾಡಿನ ದೊಡ್ಡ ಮಾಮನ, ಅಂದರೆ ಇಲ್ಲಿ ಯಾರೂ ಹೆಸರು ಹೇಳದ ಹುಲಿಯ, ಹೆಜ್ಜೆಗಳು ಸಾಲಾಗಿ ಇಳಿದು ನೀರಿನ ತನಕ ಬಂದಿದ್ದವು. ಹೆಜ್ಜೆಯೊಳಗೆ ನೀರಿನ್ನೂ ತುಂಬುತ್ತಲೇ ಇತ್ತು. ಪರಾಣ, ಕಾನಾಯಿ ಇಬ್ಬರೂ ಹುಟ್ಟು ಎತ್ತಿ ಹಿಡಿದು ಉಸಿರು ಕಟ್ಟಿದರು. ಮರದ ನೆರಳಲ್ಲಿ ಒಂದು ಕಡ್ಡಿ ಮುರಿದ ಸದ್ದಾಯಿತು. ಹೆಜ್ಜೆಗಳ ಪರಿಚಯವಿಲ್ಲದ ಬಾಬು ಮಾತ್ರ ಶಾಂತವಾಗಿ ಕೇಳಿದರು:

"ಕಾಡಿನ ಕಾಲಂ ಬಾಕಿ ಇದೆ. ವರ್ಷಕ್ಕೆ ಎಷ್ಟು ಜೇನು ಇಳಿಸ್ತೀರಿ?"

"ಜೇನಾ?" ಪರಾಣ ಪಿಸುಗುಟ್ಟಿದ. "ಜೇನು ಹೆಂಗಿರತ್ತೆ ಅಂತ ನೋಡೇ ಇಲ್ಲ ಬಾಬು."

"ಹಾಗಾದ್ರೆ ಅದೇನು?" ಬಾಬು ಛತ್ರಿಯ ತುದಿಯಿಂದ ತೋರಿಸಿದರು. ಬಗ್ಗಿದ ಕೊಂಬೆಯಲ್ಲಿ, ಕೈಗೆಟುಕುವಷ್ಟು ಹತ್ತಿರ, ಮೊರದಗಲದ ಜೇನುಹುಟ್ಟು ತೊಟ್ಟಿಕ್ಕುತ್ತ ನೇತಾಡುತ್ತಿತ್ತು.

"ಅದು... ಗೆದ್ದಲು."

"ಹಾರ್ತಾ ಇದೆಯಲ್ಲ?"

"ನಮ್ಮ ಕಡೆ ಗೆದ್ದಲು ಹಾರತ್ತೆ ಬಾಬು," ಎಂದು ಹೇಳಿ ಪರಾಣ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಹುಟ್ಟು ಎಳೆದ. ಮಾಮನಿಗೆ ಹೆದರಿ ಓಡಿದನೋ ಜೇನಿಗೆ ಹೆದರಿ ಓಡಿದನೋ ಅವನಿಗೇ ಗೊತ್ತಾಗಲಿಲ್ಲ. 'ಕಾಡು: ಇಲ್ಲ' ಎಂದು ಪುಸ್ತಕದಲ್ಲಿ ಬಿತ್ತು. ಅರ್ಧ ದಿನ ಗೆದ್ದಂತಾಯಿತು. ಉಳಿದದ್ದು ಬಲೆ ಒಂದೇ.

ಹೊತ್ತು ನೆತ್ತಿಗೇರಿದಾಗ ಬಾಬು ದೋಣಿಯ ಹಿಂಭಾಗದ ಚಾಪೆಯ ಮಾಡಿನಡಿ ಕೂತು ಮಂಡಕ್ಕಿಯ ಪೊಟ್ಟಣ ಬಿಚ್ಚಿದರು. ಮುಂಭಾಗದಲ್ಲಿ ಪರಾಣ ಬಲೆ ಎಳೆದ. ಬಲೆ ಬರಲಿಲ್ಲ. ಮರದ ದಿಮ್ಮಿ ಸಿಕ್ಕಿಕೊಂಡಿದೆ ಎಂದುಕೊಂಡು ಕಾನಾಯಿಯನ್ನೂ ಕರೆದು ಎಳೆದ. ಆಗ ದಿಮ್ಮಿ ತಿರುಗಿ ಎಳೆಯಿತು.

ನೀರು ಕಲಕಿತು. ಎಣ್ಣೆ ಸವರಿದ ಹಾಗೆ ಹೊಂಬಣ್ಣಕ್ಕೆ ಮಿರುಗುವ ಒಂದು ಪಕ್ಕೆ ಮೇಲೆ ಬಂದು ಹೊರಳಿತು. ಕಾನಾಯಿಯ ಬಾಯಿ ತೆರೆದುಕೊಂಡಿತು. ಅದರಿಂದ ಸದ್ದು ಹೊರಡುವ ಮುಂಚೆ ಪರಾಣ ಹೆಗಲ ಮೇಲಿನ ಬಟ್ಟೆಯನ್ನು ಅದರೊಳಗೆ ತುರುಕಿದ.

ತೇಲಿಯಾ ಭೋಲಾ. ಇಪ್ಪತ್ತೈದು ಕೆಜಿಗೆ ಕಮ್ಮಿಯಿಲ್ಲ. ಅದರ ಹೊಟ್ಟೆಯೊಳಗಿನ ಗಾಳಿಚೀಲಕ್ಕೆ ಕ್ಯಾನಿಂಗ್ ಪೇಟೆಯ ಹರಾಜಿನಲ್ಲಿ ವ್ಯಾಪಾರಿಗಳು ಒಬ್ಬರ ಕಾಲು ಒಬ್ಬರು ತುಳಿದುಕೊಂಡು ಕೂಗುತ್ತಾರೆ. ಎರಡು ವರ್ಷದ ಹಿಂದೆ ಇಂಥದೇ ಒಂದನ್ನು ಹಿಡಿದ ಆಚೆ ದ್ವೀಪದವನು ಈಗ ಟೈಲ್ಸ್ ಹಾಕಿದ ಮನೆಯಲ್ಲಿ ಜಾರಿ ಬೀಳುತ್ತಿದ್ದಾನೆ. ಹದಿನೆಂಟು ವರ್ಷದಲ್ಲಿ ಪರಾಣ ಈ ಮೀನನ್ನು ಬೇರೆಯವರ ಬಲೆಯಲ್ಲಿ ಮಾತ್ರ ನೋಡಿದ್ದ.

"ಬಿಡ್ಬೇಕು ಕಾನಾಯಿ," ಎಂದು ಪಿಸುಗುಟ್ಟಿದ.

ಕಾನಾಯಿ ಬಾಯಿಂದ ಬಟ್ಟೆ ಕಿತ್ತ. "ಹುಚ್ಚು ಹಿಡೀತಾ ಭಾವ? ಇದೊಂದು ಮೀನು ನಿಂಗೆ ಎರಡು ದೋಣಿ!"

"ಊರವ್ರು ನನ್ನ ಸುಟ್ಟು ಹಾಕ್ತಾರೆ."

"ಬಿಡೋದೂ ಬೇಡ, ತೋರ್ಸೋದೂ ಬೇಡ. ಬಾಯಿಂದ ಕಿವಿರಿಗೆ ಹಗ್ಗ ಪೋಣಿಸಿ ದೋಣಿ ಅಡೀಲಿ ಕಟ್ಟೋಣ. ಜೀವಂತ ಇರತ್ತೆ. ಬಾಬು ಹೋದ್ಮೇಲೆ ಎತ್ಕೊಂಡ್ರಾಯ್ತು. ಊರಿಗೆ ಊರಿನ ಯೋಜನೆ, ನಿಂಗೆ ನಿನ್ನ ಮೀನು."

ಇಷ್ಟು ಒಳ್ಳೆಯ ಉಪಾಯ ಕಾನಾಯಿಯ ತಲೆಯಲ್ಲಿ ಹುಟ್ಟಿದ್ದಕ್ಕೇ ಪರಾಣ ಅನುಮಾನಪಡಬೇಕಿತ್ತು. ಆದರೆ ಅನುಮಾನಪಡಲು ಪುರಸೊತ್ತೆಲ್ಲಿ? ಹಿಂದೆ ಬಾಬು ಮಂಡಕ್ಕಿಯ ಪೊಟ್ಟಣ ಮಡಚುವ ಸದ್ದು ಕೇಳುತ್ತಿತ್ತು. ಬೆರಳು ಕೊಯ್ದುಕೊಳ್ಳುತ್ತ, ಮೂಗಿನಿಂದ ಬೆವರಿಳಿಸುತ್ತ ಇಬ್ಬರೂ ಹಗ್ಗ ಪೋಣಿಸಿ ದೋಣಿಯ ಮುಂತುದಿಯ ಕಬ್ಬಿಣದ ಬಳೆಗೆ ಬಿಗಿದರು. ಮೀನು ಬಿಡಿಸುವ ಅವಸರದಲ್ಲಿ ಬಲೆಯನ್ನು ಮೂರು ಕಡೆ ಕತ್ತರಿಸಬೇಕಾಯಿತು. ಬಾಬು ಮಾಡಿನಿಂದ ತಲೆ ಹೊರಗೆ ಹಾಕುವ ಹೊತ್ತಿಗೆ ಹರಿದ ಬಲೆಯಲ್ಲಿ ಉಳಿದದ್ದು ಒಂದು ಹಿಡಿ ಸೀಗಡಿ, ಒಂದು ಬಡಕಲು ಮೀನು.

"ಇಷ್ಟೇನಾ?" ಎಂದರು ಬಾಬು. ಕೊಕ್ಕೆಗೆ ತೂಗುಹಾಕಿದರು. ಮುಳ್ಳು ಅಲುಗಲಿಲ್ಲ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. "ಬಲೆಯೂ ಹರಿದಿದೆಯಲ್ಲಪ್ಪಾ. ಛೆ, ಛೆ."

"ನಮ್ಮ ಹಣೆಬರಹ ಬಾಬು. ಊರಿಗೆ ಹೋಗಿಬಿಡೋಣ."

ಅವರು ಹುಟ್ಟು ಹಿಡಿಯುವ ಮುಂಚೆಯೇ ದೋಣಿ ಹೊರಟಿತು. ಊರಿನ ಕಡೆಗಲ್ಲ, ಸಮುದ್ರದ ಕಡೆಗೆ.

"ಇದೇನು, ನೀವು ಹುಟ್ಟು ಹಾಕ್ತಾನೇ ಇಲ್ಲ, ದೋಣಿ ಹೋಗ್ತಾ ಇದೆ?"

"ಇಳಿತ ಬಾಬು. ನೀರು ಕೆಳಕ್ಕೆಳೀತಿದೆ."

ಮಾತು ಮುಗಿಯುವುದರೊಳಗೆ ಮೀನು ಮನಸ್ಸು ಬದಲಿಸಿತು. ದೋಣಿ ಗಿರ್ರನೆ ತಿರುಗಿ ಊರಿನ ಕಡೆ ಓಡತೊಡಗಿತು.

"ಈಗ?"

"ಈಗ... ಉಬ್ಬರ."

ಬಾಬು ಗಡಿಯಾರ ನೋಡಿದರು, ಹೊಳೆ ನೋಡಿದರು, ಪುಸ್ತಕ ತೆರೆದು ಏನೋ ಬರೆದುಕೊಂಡರು. ಪರಾಣನ ಬೆನ್ನಮೇಲೆ ಬೆವರು ಸಾಲಾಗಿ ಇಳಿಯಿತು. ದೋಣಿ ನಿಲ್ಲುವ ಊರಿನ ಘಾಟ್ ಕಣ್ಣಿಗೆ ಬಿತ್ತು. ಒಡ್ಡಿನ ಮೇಲೆ ಊರಿಗೆ ಊರೇ ನೆರೆದಿತ್ತು. ಗುಣಧರ ಚೆಂಡುಹೂವಿನ ಹಾರ ಹಿಡಿದು ನಿಂತಿದ್ದ. ಇನ್ನು ನೂರು ಮಾರು. ಎಂಬತ್ತು. ಕಾನಾಯಿ ಕಣ್ಣು ಮುಚ್ಚಿಕೊಂಡು ಬಾಯಲ್ಲಿ ವನಬೀಬಿಯ ಹೆಸರು ಮಣಮಣಿಸುತ್ತಿದ್ದ.

ದಬ್!

ದೋಣಿಯ ಅಡಿಗೆ ಯಾರೋ ಒನಕೆಯಿಂದ ಕುಟ್ಟಿದಂತಾಯಿತು.

"ಏನದು?" ಬಾಬು ಎದ್ದು ನಿಂತರು.

"ಮೊಸಳೆ!" ಎಂದು ಪರಾಣ ಬಾಯಿಗೆ ಬಂದದ್ದು ಹೇಳಿದ. ಬಾಬು ಹೆದರಿ ಕೂತುಬಿಡುತ್ತಾರೆ ಎಂದುಕೊಂಡಿದ್ದ.

ಸರ್ಖೇಲ್ ಬಾಬುವಿನ ಮುಖ ಎಳೆಮಗುವಿನ ಮುಖದಂತೆ ಅರಳಿತು. "ನಿಜವಾಗ್ಲೂ? ಜನ್ಮದಲ್ಲಿ ಒಂದು ಸಲವೂ ನೋಡಿಲ್ಲರೀ!" ಎಂದು ಛತ್ರಿ ಮಡಚಿ, ಮಂಡಿಯೂರಿ, ದೋಣಿಯ ಅಂಚಿನ ಮೇಲೆ ಹೊಟ್ಟೆ ಇಟ್ಟು ನೀರಿನತ್ತ ಬಗ್ಗಿದರು. ಮೂಗಿಗೂ ನೀರಿಗೂ ನಡುವೆ ಒಂದು ಮೊಳ ಉಳಿಯಿತು. ಕೆಸರು ನೀರಿನಲ್ಲಿ ಹೊಂಬಣ್ಣ ಒಂದು ಸಲ ಮಿರುಗಿ ಮರೆಯಾಯಿತು. "ಏನೋ ಹೊಳೀತಪ್ಪಾ!"

ನೀರಿನ ಮೇಲೆ ಒಂದು ಗಳಿಗೆ ಎದ್ದ ಬಾಲ ದಡಕ್ಕೂ ಕಂಡಿತು. ಅಲ್ಲಿ ನಿಂತ ಗುಣಧರನಿಗೆ ಮೊಸಳೆಯ ಬಾಲವೂ ಗೊತ್ತು, ಭೋಲಾದ ಬಾಲವೂ ಗೊತ್ತು. ಅವನು ಹಾರವನ್ನು ಪಕ್ಕದವನ ಕೈಗೆ ಕೊಟ್ಟು, ತನ್ನ ಕತ್ತಿನ ಮೇಲೆ ಬೆರಳನ್ನು ಎಡದಿಂದ ಬಲಕ್ಕೆ ಎಳೆದು ತೋರಿಸಿದ. ಅವನ ಹಿಂದೆ ಅರವತ್ತೆರಡು ಮನೆಯವರು ಬೇಡ ಬೇಡ ಎಂದು ತಲೆಯಾಡಿಸಿದರು. ಶೆಫಾಲಿಯ ಮುಖವೊಂದೇ ಪರಾಣನಿಗೆ ಕಾಣಲಿಲ್ಲ. ಯಾರದೋ ಬೆನ್ನಿನ ಹಿಂದೆ ಸಿಕ್ಕಿಕೊಂಡಿದ್ದಳು.

ಬಾಬು ಇನ್ನೂ ಬಗ್ಗಿದರು. ಪರಾಣ ಕತ್ತಿ ಎತ್ತಿಕೊಂಡು ಮುಂಭಾಗಕ್ಕೆ ಹೋದ. ಹಗ್ಗ ವೀಣೆಯ ತಂತಿಯ ಹಾಗೆ ಬಿಗಿದು ಮಿಡಿಯುತ್ತಿತ್ತು. ಅದಕ್ಕೆ ಕೈ ತಾಗಿಸಿದ. ಆಚೆ ತುದಿಯ ಬಲ ಬೆರಳಿನಿಂದ ಮೊಣಕೈವರೆಗೂ ಬಂತು. ಇದು ನನ್ನದು ಎಂದು ಒಂದು ಗಳಿಗೆ ಅನಿಸಿತು. ಆಮೇಲೆ ಕಣ್ಣು ಮುಚ್ಚಿಕೊಂಡು ಒಂದೇ ಏಟು ಹಾಕಿದ.

ದೋಣಿ ಹಗುರಾಗಿ ಮೇಲೆದ್ದಿತು. ಜಾರುತ್ತಿದ್ದ ಬಾಬುವನ್ನು ಕಾನಾಯಿ ಜಾಕೀಟು ಹಿಡಿದು ಒಳಗೆಳೆದ.

"ಹೊರಟ್ಹೋಯ್ತು," ಎಂದರು ಬಾಬು ಬೇಸರದಿಂದ.

"ಹೊರಟ್ಹೋಯ್ತು ಬಾಬು," ಎಂದ ಪರಾಣ. ಅವನ ಕೆನ್ನೆಯ ಮೇಲಿದ್ದದ್ದು ಹೊಳೆಯ ನೀರೇ ಎಂದು ಬಾಬು ತಿಳಿದುಕೊಂಡರು.

ಘಾಟ್‌ನಲ್ಲಿ ಹೆಂಗಸರು ಉಲು ಉಲು ಎಂದು ನಾಲಿಗೆ ಹೊರಳಿಸಿ ಸ್ವಾಗತಿಸಿದರು. ಗುಣಧರ ಹಾರ ಹಾಕಿದ. ಬಾಬು ನಿಂತುಕೊಂಡೇ ಪುಸ್ತಕದಲ್ಲಿ ಕೂಡಿ ಕಳೆದು, ಪರಾಣನ ಹೆಬ್ಬೆಟ್ಟು ಒತ್ತಿಸಿಕೊಂಡು, ಗಂಟಲು ಸರಿಮಾಡಿಕೊಂಡರು.

"ಹನ್ನೊಂದು ಊರು ಸುತ್ತಿ ಬಂದಿದ್ದೀನಿ. ನಿಮ್ಮದೇ ಕೊನೆಯದು. ಇಂಥ ಬರಿದಾದ ಹೊಳೆ, ಇಂಥ ಬರಿದಾದ ಕಾಡು ನಾನು ಎಲ್ಲೂ ಕಾಣಲಿಲ್ಲ."

"ಅಂದ್ರೆ ನಮ್ಮದೇ ಎಲ್ಲಕ್ಕಿಂತ ಕಮ್ಮಿ?"

"ಎಲ್ಲಕ್ಕಿಂತ ಕಮ್ಮಿ."

"ಅಂದ್ರೆ ಯೋಜನೆ?"

"ನಿಮಗೇ. ವೈಶಾಖದಿಂದಲೇ ಶುರು."

ಜನ ಹುಯ್ಯೆಂದು ಕೂಗಿದರು. ಯಾರೋ ಪರಾಣನನ್ನು ಹೆಗಲ ಮೇಲೆ ಎತ್ತಿಕೊಂಡರು. ಗದ್ದಲದ ಮೇಲೆ ಗುಣಧರ ದನಿ ಎತ್ತಿ ಕೇಳಿದ: "ದೋಣಿ ಎಷ್ಟು ಬಾಬು?"

"ಎಲ್ಲಾ ದೋಣಿ."

"ಅರವತ್ತೆರಡು ಮನೆಗೂ?"

"ಅರವತ್ತೆರಡೂ. ಒಂದನ್ನೂ ಬಿಡೋ ಹಾಗಿಲ್ಲ. ಎಲ್ಲವನ್ನೂ ದಡಕ್ಕೆ ಎಳೆದು ಮಗುಚಿ ಹಾಕಬೇಕು."

ಕೂಗುತ್ತಿದ್ದವರು ಎತ್ತಿದ ಕೈ ಇಳಿಸಿದರು. ಪರಾಣ ಹೆಗಲ ಮೇಲೇ ಉಳಿದ.

"ಹೊಳೆಗೆ ವಿಶ್ರಾಂತಿ ಕೊಡೋ ಯೋಜನೆ ಇದು," ಎಂದು ಬಾಬು ಮೃದುವಾಗಿ ವಿವರಿಸಿದರು. "ಎಲ್ಲಿ ಮೀನು, ಜೇನು ಪೂರ್ತಿ ಮುಗಿದುಹೋಗಿದೆಯೋ ಅಲ್ಲಿ ಮೂರು ವರ್ಷ ಯಾರೂ ಬಲೆ ಹಾಕೋ ಹಾಗಿಲ್ಲ, ಕಾಡಿಗೆ ಕಾಲಿಡೋ ಹಾಗಿಲ್ಲ. ಮತ್ತೆ ಹುಟ್ಟಿ ಬೆಳೆಯಬೇಕಲ್ಲ, ಪಾಪ."

ಗುಣಧರ ಜನರನ್ನು ಸರಿಸಿ ಮುಂದೆ ಬಂದ. "ಮೂರು ವರ್ಷ ನಾವು ಹೊಟ್ಟೆಗೇನ್ ತಿನ್ನೋದು ಬಾಬು?"

"ಪರಿಹಾರ ಇದೆಯಲ್ಲ! ನೀವು ದಿನಕ್ಕೆ ಎಷ್ಟು ಗಳಿಸ್ತಿದ್ದಿರೋ ಅಷ್ಟನ್ನೂ ಸರ್ಕಾರ ಕೊಡತ್ತೆ, ಒಂದು ಪೈಸೆ ಮುರಿಯೋದಿಲ್ಲ." ಬಾಬು ಪುಸ್ತಕ ನೋಡಿದರು. "ಸೀಗಡಿ, ಮೀನು ಸೇರಿ ಇಪ್ಪತ್ತು ರೂಪಾಯಿ. ಅದರಲ್ಲಿ ಅರ್ಧ, ದೋಣಿ ಬಾಡಿಗೆಗೆ. ಉಳಿದದ್ದು ಇಬ್ಬರಿಗೆ. ತಲೆಗೆ ಐದು ರೂಪಾಯಿ."

ಹೆಗಲ ಕೆಳಗಿದ್ದವರು ಸರಿದುಕೊಂಡರು. ಪರಾಣ ಧೊಪ್ಪನೆ ಕೆಸರಿಗೆ ಬಿದ್ದ. ಬಿದ್ದಲ್ಲಿಂದಲೇ ಬಾಬುವಿನ ಕಾಲು ಹಿಡಿದುಕೊಂಡ.

"ಬಾಬು, ಅದು ಮೊಸಳೆಯಲ್ಲ! ಭೋಲಾ ಮೀನು! ಇಪ್ಪತ್ತೈದು ಕೆಜಿ! ನಾನೇ ಹಿಡಿದಿದ್ದೆ, ನಾನೇ ಬಿಟ್ಟೆ! ಏಡಿ ಎಲ್ಲಾ ಗಂಡು ಬಾಬು! ಅದು ಗೆದ್ದಲಲ್ಲ!"

"ಹೌದು ಬಾಬು," ಎಂದು ಗುಣಧರನೂ ಕೂಗಿದ. "ನಮ್ಮ ಹೊಳೇಲಿ ನೀರಿಗಿಂತ ಮೀನೇ ಜಾಸ್ತಿ! ಹೇಳ್ರೋ ಎಲ್ಲಾ!"

"ಜಾಸ್ತಿ, ಜಾಸ್ತಿ!" ಎಂದು ಊರೆಲ್ಲ ಕೂಗಿತು.

ಸರ್ಖೇಲ್ ಬಾಬು ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದರು. ಇಷ್ಟು ವರ್ಷದ ನೌಕರಿಯಲ್ಲಿ ಹಸಿವು ಮನುಷ್ಯರಿಂದ ಏನೆಲ್ಲ ಹೇಳಿಸುತ್ತದೆ ಎಂದು ಅವರು ಕಂಡಿದ್ದರು. ಬಗ್ಗಿ ಪರಾಣನನ್ನು ಎತ್ತಿ ನಿಲ್ಲಿಸಿ, ಅವನ ಭುಜದ ಕೆಸರು ಒರೆಸಿದರು.

"ಎದೆಗುಂದಬೇಡಪ್ಪಾ. ನಾನೆಲ್ಲ ಕಣ್ಣಾರೆ ಕಂಡಿದ್ದೀನಿ. ಹೆಬ್ಬೆಟ್ಟೂ ಬಿದ್ದಿದೆ. ನಿಮ್ಮೂರಿನ ಹೆಸರು ಯಾರೂ ಅಳಿಸದ ಹಾಗೆ ಬರೆಸ್ತೀನಿ."

ಅವರ ಲಾಂಚು ಹಾರ್ನ್ ಹೊಡೆಯಿತು. ಹಲಗೆಯ ಮೇಲೆ ಅರ್ಧ ದಾರಿ ನಡೆದವರು ಏನೋ ಯೋಚಿಸಿ ತಿರುಗಿ ಬಂದರು. ಜೇಬಿನಿಂದ ಐವತ್ತರ ನೋಟೊಂದನ್ನು ತೆಗೆದು, ಯಾರಿಗೂ ಕಾಣದ ಹಾಗೆ ಪರಾಣನ ಅಂಗೈಯೊಳಗೆ ಒತ್ತಿ, ಬೆರಳು ಮಡಚಿದರು.

"ಇದು ಸರ್ಕಾರದ್ದಲ್ಲ, ನನ್ನದು. ಇವತ್ತು ಹೆಂಡತಿ ಮಕ್ಕಳಿಗೆ ಒಂದಿಷ್ಟು ಮೀನು ಕೊಂಡ್ಕೊಂಡು ಹೋಗು."